ಕೋವಿಯ ನ್ಯಾಯ, ಕುಣಿಕೆಯ ನ್ಯಾಯ

2024ರ ನವೆಂಬರ್ 18ರ ರಾತ್ರಿ ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆ ಗ್ರಾಮದ ಪೀತಬೈಲಿನಲ್ಲಿ ನಕ್ಸಲ್ ನಿಗ್ರಹ ಪಡೆಯ ಗುಂಡಿಗೆ ವಿಕ್ರಂ ಗೌಡ ಸತ್ತ. ಅವನು ದೂರದೂರಿನಿಂದ ಬಂದವನಲ್ಲ, ಅದೇ ಹೆಬ್ರಿ ಸೀಮೆಯ ಮಲೆಕುಡಿಯರ ಮನೆಯ ಹುಡುಗ. ಮಾರನೆಯ ದಿನದಿಂದ ನಮ್ಮ ಸಿದ್ದಾಪುರ ಪೇಟೆಯಲ್ಲಿ, ಕುಂದಾಪುರಕ್ಕೆ ಹೋಗುವ ಬಸ್ಸಿನಲ್ಲಿ, ಹಾಲಿನ ಡೈರಿಯ ಸಾಲಿನಲ್ಲಿ ಕೇಳಿದ್ದು ಎರಡೇ ಮಾತು. "ಸಮ ಮಾಡಿದ್ರ್, ಅಂಥವ್ರಿಗೆ ಅದೇ ಆಯ್ಕ್" ಎನ್ನುವುದು ಒಂದು. "ಪಾಪ, ಬಡವರ ಮನಿ ಗಂಡು, ಹಿಡಿಲಕ್ಕಿತ್ತಪ್ಪ" ಎನ್ನುವುದು ಇನ್ನೊಂದು. ಪತ್ರಿಕೆಗಳಲ್ಲೂ ಇದೇ ಜಗಳ ಸ್ವಲ್ಪ ದೊಡ್ಡ ಪದಗಳಲ್ಲಿ ನಡೆಯಿತು. ಒಂದು ಕಡೆಯವರು ಪೋಲೀಸರಿಗೆ ಶಹಭಾಸ್ ಎಂದರು, ಇನ್ನೊಂದು ಕಡೆಯವರು ನ್ಯಾಯಾಂಗ ತನಿಖೆ ಕೇಳಿದರು.

ವರದಕ್ಷಿಣೆ ಮತ್ತು ಮನೆಯೊಳಗಿನ ದೌರ್ಜನ್ಯದ ಬಗ್ಗೆ ಬರೆಯುವ ಈ ಪುಟಗಳಲ್ಲಿ ನಕ್ಸಲರ ಮಾತು ಏಕೆ ಎಂದು ಗೆಳತಿಯರು ಕೇಳಬಹುದು. ಕಾರಣ ಇದೆ. ಗಂಡನ ಮನೆಯಲ್ಲಿ ಒಬ್ಬ ಹೆಣ್ಣುಮಗಳು ಸುಟ್ಟುಹೋದಳೆಂದೋ ಬಾವಿಗೆ ಬಿದ್ದಳೆಂದೋ ಸುದ್ದಿ ಬಂದ ವಾರ ನಮ್ಮ ಸ್ವಸಹಾಯ ಸಂಘದ ಸಭೆಯಲ್ಲಿ ಉಳಿತಾಯದ ಪುಸ್ತಕ ಮುಚ್ಚುವ ಮೊದಲೇ ಏಳುವ ಮಾತು ಯಾವುದು? "ಅವನನ್ನ ನೇಣಿಗೆ ಹಾಕ್ಕ್, ಟೀಚರೇ." ಕೆಲವರು ಇನ್ನೂ ಮುಂದೆ ಹೋಗುತ್ತಾರೆ: "ಕೋರ್ಟು ಎಂತಕ್ಕೆ, ಅಲ್ಲೇ ಗುಂಡು ಹೊಡ್ದ್ ಬಿಡ್ಕ್." ಹೀಗೆ ಹೇಳುವವರು ಕ್ರೂರಿಗಳಲ್ಲ. ಅವರಲ್ಲಿ ಒಬ್ಬರು ಮದುವೆಯಾದ ಮೂರನೆಯ ವರ್ಷಕ್ಕೇ ಮಗಳನ್ನು ಕಳೆದುಕೊಂಡ ತಾಯಿ. ಆ ತಾಯಿಯ ಎದುರು ಕುಳಿತು ಗಲ್ಲು ತಪ್ಪು ಎಂದು ಪಾಠ ಹೇಳುವುದು ಸುಲಭವಲ್ಲ. ಆದರೂ ನಾನು ಹೇಳಬೇಕಾದದ್ದು ಇದೇ: ಕಾಡಿನ ಕೋವಿಯಾಗಲಿ, ಪೋಲೀಸರ ಕೋವಿಯಾಗಲಿ, ಜೈಲಿನ ಕುಣಿಕೆಯಾಗಲಿ, ಕೊಂದು ನ್ಯಾಯ ಕೊಡುತ್ತೇನೆಂದು ಹೊರಟ ಯಾವುದೂ ಈವರೆಗೆ ಹೆಣ್ಣಿನ ಕೈಗೆ ನ್ಯಾಯ ತಂದುಕೊಟ್ಟಿಲ್ಲ. ನಾವು ಕೇಳಬೇಕಾದದ್ದು ಬೇರೆ ಇದೆ.

ಮೊದಲು ಕಾಡಿನ ಕೋವಿಯ ಮಾತು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ತಲೆಮಾರುಗಳಿಂದ ಕಾಡಿನಲ್ಲಿದ್ದವರಿಗೆ ಎಬ್ಬಿಸುವ ಭಯ ಹುಟ್ಟಿದಾಗ, ಅವರ ಅರ್ಜಿಗಳು ಕಛೇರಿಯಿಂದ ಕಛೇರಿಗೆ ಅಲೆದಾಗ, ಅಲ್ಲಿಗೆ ಹೋಗಿ ಅವರ ಮಾತು ಕೇಳಿದವರಲ್ಲಿ ನಕ್ಸಲರೂ ಇದ್ದರು. ಇದನ್ನು ಒಪ್ಪದೆ ಮುಂದಿನ ಮಾತಿಗೆ ಬೆಲೆ ಇಲ್ಲ. ಆ ಸಿಟ್ಟು ಸುಳ್ಳಲ್ಲ. ಆದರೆ ಅವರು ಕೊಟ್ಟ ನ್ಯಾಯ ಎಂಥದ್ದು? 2008ರ ಮೇ ತಿಂಗಳಲ್ಲಿ ಸೀತಾನದಿಯಲ್ಲಿ ಒಬ್ಬ ಶಾಲಾ ಮಾಸ್ತರರನ್ನೂ ಅವರ ಜೊತೆಗಿದ್ದ ಇನ್ನೊಬ್ಬರನ್ನೂ ಕೊಂದರು. 2011ರ ಡಿಸೆಂಬರಿನಲ್ಲಿ ಕಬ್ಬಿನಾಲೆಯಲ್ಲೇ ಒಬ್ಬ ಬಡ ಗೃಹಸ್ಥನನ್ನು ಕೊಂದರು. ಪೋಲೀಸರಿಗೆ ಸುದ್ದಿ ಕೊಡುತ್ತಾರೆ ಎಂಬುದು ಆರೋಪ. ಆರೋಪ ಹೊರಿಸಿದವರು, ವಿಚಾರಿಸಿದವರು, ಶಿಕ್ಷೆ ಬರೆದವರು, ಶಿಕ್ಷೆ ಜಾರಿ ಮಾಡಿದವರು ಎಲ್ಲ ಅವರೇ. ಸತ್ತವರು ತಮ್ಮ ಪರವಾಗಿ ಏನು ಹೇಳಿದರೆಂದು ಯಾವ ಕಡತದಲ್ಲೂ ಇಲ್ಲ.

ನಮ್ಮ ಹೆಂಗಸರಿಗೆ ಇಂಥ ಕಟ್ಟೆ ಹೊಸತಲ್ಲ. ಸೊಸೆ ಸರಿಯಿಲ್ಲ ಎಂದು ಜಗಲಿಯಲ್ಲಿ ಕುಳಿತ ಹತ್ತು ಗಂಡಸರು ತೀರ್ಮಾನಿಸುವಾಗಲೂ ಆಕೆಯನ್ನು ಒಳಗಿನಿಂದ ಕರೆಯುವುದಿಲ್ಲ. ಬಂದೂಕು ಹಿಡಿದವರು ಬಡವರ ಪರವೆಂದು ಹೇಳಿಕೊಂಡ ಮಾತ್ರಕ್ಕೆ ಆ ಕಟ್ಟೆಯ ಸ್ವಭಾವ ಬದಲಾಗುವುದಿಲ್ಲ. ಸೀತಾನದಿಯಲ್ಲಿಯೂ ಕಬ್ಬಿನಾಲೆಯಲ್ಲಿಯೂ ಮಾರನೆಯ ಬೆಳಿಗ್ಗೆ ಹಟ್ಟಿಯಲ್ಲಿ ದನ ಕೂಗುತ್ತಿತ್ತು, ಅದಕ್ಕೆ ಹುಲ್ಲು ಹಾಕಬೇಕಾದವರು ಯಾರು ಎಂದು ಕ್ರಾಂತಿಯ ಕರಪತ್ರದಲ್ಲಿ ಬರೆದಿರುವುದಿಲ್ಲ.

ಇನ್ನು ಸರ್ಕಾರದ ಕೋವಿ. 2003ರ ನವೆಂಬರ್ 17ರಂದು ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಪೋಲೀಸರ ಗುಂಡಿಗೆ ಸತ್ತವರು ಹಾಜಿಮಾ, ಪಾರ್ವತಿ ಎಂಬ ಇಬ್ಬರು ಯುವತಿಯರು. ಕರಾವಳಿಯ ನಕ್ಸಲ್ ಕಥೆಯ ಮೊದಲ ಹೆಣಗಳೇ ಹೆಣ್ಣುಮಕ್ಕಳದ್ದು. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯಲ್ಲಿ ನಾಯಕ ಸಾಕೇತ್ ರಾಜನ್ ಹತನಾದ. ಅದಾದ ನಾಲ್ಕೇ ದಿನಕ್ಕೆ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ತಂಗಿದ್ದ ಮೀಸಲು ಪೋಲೀಸರ ಮೇಲೆ ನಕ್ಸಲರು ರಾತ್ರಿ ದಾಳಿ ಮಾಡಿ ಹಲವರನ್ನು ಕೊಂದರು. ಸಾಕೇತನಿಗಾಗಿ ಸೇಡು ಎಂದರು. ಆ ಪೋಲೀಸರೂ ಸಂಬಳಕ್ಕಾಗಿ ಕಾಕಿ ತೊಟ್ಟ ಬಡವರ ಮಕ್ಕಳೇ. ಅದೇ ವರ್ಷದ ಜೂನಿನಲ್ಲಿ ನಮ್ಮ ಕುಂದಾಪುರ ತಾಲ್ಲೂಕಿನ ದೇವರಬಾಳುವಿನಲ್ಲಿ ಮತ್ತೆ ಗುಂಡು, ಮತ್ತೆ ಇಬ್ಬರು. ಒಂದು ಕೊಲೆ ಇನ್ನೊಂದಕ್ಕೆ ಮುಂಗಡ ಕೊಟ್ಟಂತೆ ನಡೆಯಿತು ಲೆಕ್ಕ.

ಇಲ್ಲಿ ನಮ್ಮ ಚಳವಳಿಯ ಹಳೆಯ ಅನುಭವವೊಂದನ್ನು ನೆನಪಿಸಬೇಕು. 1980ರ ದಶಕದಲ್ಲಿ ಹೆಣ್ಣುಮಕ್ಕಳು ಸಾಲುಸಾಲಾಗಿ ಸುಟ್ಟು ಸಾಯುತ್ತಿದ್ದಾಗ ಎಲ್ಲ ಕಡೆಯೂ ಒಂದೇ ಹೇಳಿಕೆ: "ಸ್ಟೋವ್ ಸಿಡಿಯಿತು." ಸ್ಟೋವು ಸೊಸೆಯನ್ನೇ ಹುಡುಕಿಕೊಂಡು ಏಕೆ ಸಿಡಿಯುತ್ತದೆ, ಅತ್ತೆಯ ಮೇಲೋ ನಾದಿನಿಯ ಮೇಲೋ ಏಕೆ ಸಿಡಿಯುವುದಿಲ್ಲ ಎಂದು ಬೀದಿಗಿಳಿದು ಕೇಳಿದವರು ನಾವು. ಮುಚ್ಚಿದ ಬಾಗಿಲ ಹಿಂದೆ ಒಬ್ಬಳು ಸತ್ತಾಗ, ಬದುಕುಳಿದವರು ಹೇಳಿದ್ದೇ ಕಥೆ ಎಂದು ಪೋಲೀಸರು ಬರೆದುಕೊಳ್ಳಬಾರದು ಎಂಬುದು ನಮ್ಮ ವಾದವಾಗಿತ್ತು. ಅದರ ಫಲವಾಗಿಯೇ 1983ರಲ್ಲಿ ಕಾನೂನು ತಿದ್ದುಪಡಿಯಾಗಿ, ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಅನುಮಾನಾಸ್ಪದವಾಗಿ ಸತ್ತರೆ ಮರಣೋತ್ತರ ಪರೀಕ್ಷೆ ಆಗಲೇಬೇಕು, ಪೋಲೀಸರಲ್ಲದೆ ತಹಶೀಲ್ದಾರರಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಶವಪರಿಶೀಲನೆ ಮಾಡಬೇಕು ಎಂಬ ವ್ಯವಸ್ಥೆ ಬಂತು. 1986ರಲ್ಲಿ ವರದಕ್ಷಿಣೆ ಸಾವು ಪ್ರತ್ಯೇಕ ಅಪರಾಧವಾಯಿತು. ಸಾವಿಗೆ ಸ್ವಲ್ಪ ಮೊದಲು ವರದಕ್ಷಿಣೆಗಾಗಿ ಹಿಂಸಿಸಿದ್ದು ಸಾಬೀತಾದರೆ, ತಾವು ಕೊಂದಿಲ್ಲವೆಂದು ತೋರಿಸುವ ಹೊರೆ ಗಂಡನ ಮನೆಯವರ ಮೇಲೆ ಬಿತ್ತು.

ಈಗ ಕಾಡಿನೊಳಗಿನ ಸಾವಿಗೆ ಬನ್ನಿ. ಅಲ್ಲಿಯೂ ಬಾಗಿಲು ಮುಚ್ಚಿದೆ. ಅಲ್ಲಿಯೂ ಸತ್ತವನು ಮಾತಾಡುವುದಿಲ್ಲ, ಬದುಕುಳಿದವರು ಹೇಳುವುದು ಒಂದೇ ಹೇಳಿಕೆ: "ಗುಂಡಿನ ಚಕಮಕಿ ನಡೆಯಿತು." ಪೀತಬೈಲಿನಲ್ಲಿ ಏನಾಯಿತೆಂದು ನಾನು ತೀರ್ಪು ಕೊಡುತ್ತಿಲ್ಲ. ವಿಕ್ರಂ ಗೌಡನ ಮೇಲೆ ಹತ್ತಾರು ಮೊಕದ್ದಮೆಗಳಿದ್ದವು, ಅವನ ಬಳಿ ಆಯುಧವಿದ್ದಿತು ಎಂದು ಪೋಲೀಸರು ಹೇಳಿದ್ದಾರೆ, ಅದು ನಿಜವೇ ಇರಬಹುದು. ಆದರೆ ನಿಜವೇ ಎಂದು ತಿಳಿಯುವುದಕ್ಕೆ ಒಂದು ಕ್ರಮ ಇದೆ. 2014ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹದಿನಾರು ಸೂಚನೆಗಳನ್ನು ಕೊಟ್ಟಿತು: ಎನ್‌ಕೌಂಟರ್ ಸಾವು ಸಂಭವಿಸಿದರೆ ಪ್ರಥಮ ವರ್ತಮಾನ ವರದಿ ದಾಖಲಾಗಬೇಕು, ಗುಂಡು ಹಾರಿಸಿದ ತಂಡಕ್ಕೆ ಸೇರದ ಅಧಿಕಾರಿಗಳು ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟರ ವಿಚಾರಣೆ ಆಗಬೇಕು. ಗಮನಿಸಿ, ಇದು ನಮ್ಮ ಸೊಸೆಯಂದಿರಿಗಾಗಿ ನಾವು ಮೂವತ್ತು ವರ್ಷ ಮೊದಲು ಪಡೆದದ್ದೇ. ಸ್ಟೋವಿನ ಕಥೆಯನ್ನು ನಂಬದವಳು ಚಕಮಕಿಯ ಕಥೆಯನ್ನು ಕಣ್ಣುಮುಚ್ಚಿ ನಂಬಿದರೆ, ನಾಳೆ ಅವಳ ಅನುಮಾನಕ್ಕೆ ಯಾರು ಬೆಲೆ ಕೊಡುತ್ತಾರೆ?

2019ರ ಡಿಸೆಂಬರ್ 6ರ ಬೆಳಿಗ್ಗೆ ಹೈದರಾಬಾದಿನಲ್ಲಿ ನಡೆದದ್ದು ನೆನಪಿದೆಯಷ್ಟೆ. ಪಶುವೈದ್ಯೆಯ ಮೇಲೆ ಅತ್ಯಾಚಾರ ಮಾಡಿ ಕೊಂದ ಆರೋಪದ ನಾಲ್ವರನ್ನು ಪೋಲೀಸರು ಗುಂಡಿಟ್ಟು ಕೊಂದಾಗ ಹೆಂಗಸರು ಪೋಲೀಸರಿಗೆ ರಾಖಿ ಕಟ್ಟಿದರು, ಸಿಹಿ ತಿನ್ನಿಸಿದರು. ಅಧಿಕಾರಿ ಕನ್ನಡದವರೆಂದು ನಮ್ಮಲ್ಲಿಯೂ ಹಿಗ್ಗಿದವರಿದ್ದರು. ಸುಪ್ರೀಂ ಕೋರ್ಟು ನೇಮಿಸಿದ ಆಯೋಗದ ವರದಿ 2022ರಲ್ಲಿ ಹೊರಬಂತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಸತ್ತವರಲ್ಲಿ ಮೂವರು ಅಪ್ರಾಪ್ತರು, ಹತ್ತು ಮಂದಿ ಪೋಲೀಸರನ್ನು ಕೊಲೆಯ ಆರೋಪದಲ್ಲಿ ವಿಚಾರಣೆಗೆ ಒಳಪಡಿಸಬೇಕು ಎಂದಿತು ಅದು. ಆ ವರದಿಯನ್ನು ಎಷ್ಟು ಜನ ಓದಿದರು? ಆ ಹುಡುಗಿಯ ತಂದೆತಾಯಿಗೆ ಕೋರ್ಟಿನಲ್ಲಿ ಸಾಬೀತಾದ ಸತ್ಯ ಸಿಗಲೇ ಇಲ್ಲ. ಇನ್ನು ಎಂದೂ ಸಿಗುವುದಿಲ್ಲ.

ಹಾಗಾದರೆ ಕೋವಿ ಬೇಡ, ಕಾನೂನಿನ ಪ್ರಕಾರವೇ ಗಲ್ಲು ಕೊಡಲಿ ಎನ್ನುವಿರಿ. ಈ ಬೇಡಿಕೆಗೂ ನಮ್ಮ ಚಳವಳಿಗೂ ಹಳೆಯ ನಂಟು. 1983ರಲ್ಲಿ ದೆಹಲಿಯ ಸುಧಾ ಗೋಯಲ್ ಎಂಬ ಗರ್ಭಿಣಿಯನ್ನು ಸುಟ್ಟ ಮೊಕದ್ದಮೆಯಲ್ಲಿ ಸೆಷನ್ಸ್ ನ್ಯಾಯಾಧೀಶರು ಗಂಡ, ಅತ್ತೆ, ಭಾವ ಮೂವರಿಗೂ ಗಲ್ಲು ವಿಧಿಸಿದರು. ಜನ ಸಂತೋಷಪಟ್ಟರು. ಕೆಲವೇ ತಿಂಗಳಲ್ಲಿ ಹೈಕೋರ್ಟು ಮೂವರನ್ನೂ ಬಿಡುಗಡೆ ಮಾಡಿತು. ಮಹಿಳಾ ಸಂಘಟನೆಗಳು ಬೀದಿಗಿಳಿದವು, ಮೇಲ್ಮನವಿ ಹೋಯಿತು, 1985ರಲ್ಲಿ ಸುಪ್ರೀಂ ಕೋರ್ಟು ಗಂಡ ಮತ್ತು ಅತ್ತೆಗೆ ಜೀವಾವಧಿ ವಿಧಿಸಿತು. ಸುಧಾಳಿಗೆ ಸಿಕ್ಕಿದ ನ್ಯಾಯ ಆ ಗಲ್ಲಿನಿಂದ ಬಂದದ್ದಲ್ಲ, ಬಿಡುಗಡೆಯ ತೀರ್ಪನ್ನು ಪ್ರಶ್ನಿಸಿ ಹಿಡಿದ ಹಟದಿಂದ ಬಂದದ್ದು.

ಅದೇ ಕಾಲಕ್ಕೆ ರಾಜಸ್ಥಾನದಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಸೊಸೆಯನ್ನು ಸುಟ್ಟ ಪ್ರಕರಣದಲ್ಲಿ ಲಿಛಮಾದೇವಿ ಎಂಬ ಹೆಂಗಸನ್ನು ಸಾರ್ವಜನಿಕವಾಗಿ, ಜೈಪುರದ ಕ್ರೀಡಾಂಗಣದಲ್ಲಿ ಅಥವಾ ರಾಮಲೀಲಾ ಮೈದಾನದಲ್ಲಿ, ಜನರೆಲ್ಲ ನೋಡುವಂತೆ ನೇಣು ಹಾಕಬೇಕೆಂದು ಅಲ್ಲಿನ ಹೈಕೋರ್ಟು ಆದೇಶಿಸಿತು. ಕೇಂದ್ರದ ಅಟಾರ್ನಿ ಜನರಲ್ ಅವರೇ ಇದನ್ನು ವಿರೋಧಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅಪರಾಧ ಎಷ್ಟೇ ಬರ್ಬರವಾಗಿದ್ದರೂ ಅದಕ್ಕೆ ಬರ್ಬರ ಶಿಕ್ಷೆಯೇ ಉತ್ತರವಲ್ಲ ಎಂಬುದು ಆ ಕೋರ್ಟಿನ ನಿಲುವಾಯಿತು. ಮುಂದೆ ಆಕೆಯ ಶಿಕ್ಷೆ ಜೀವಾವಧಿಗೆ ಇಳಿಯಿತು. ಒಂದು ಕ್ಷಣ ಯೋಚಿಸಿ: ವರದಕ್ಷಿಣೆಯ ಹೆಸರಿನಲ್ಲಿ ದೇಶದಲ್ಲಿ ಮೊದಲು ಬಹಿರಂಗವಾಗಿ ನೇತಾಡಬೇಕಾಗಿದ್ದವಳು ಒಬ್ಬ ಹೆಂಗಸು. ಬೈಕು ಕೇಳಿದವನು, ಬಂಗಾರ ತೂಗಿದವನು, ಕಟ್ಟೆಯಲ್ಲಿ ಕುಳಿತು ಮಾತುಕತೆ ಮುಗಿಸಿದ ಮಾವ ಮೈದಾನದ ಮೂಲೆಯಲ್ಲಿ ನಿಂತು ನೋಡುತ್ತಿದ್ದರೇನೋ.

ಕಾನೂನು ಏನು ಹೇಳುತ್ತದೆಂದೂ ತಿಳಿದಿರಲಿ. ವರದಕ್ಷಿಣೆ ಸಾವಿಗೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 80ನೆಯ ಕಲಮಿನಲ್ಲಿಯೂ ಅಷ್ಟೇ. ಗಲ್ಲು ಆಗಬೇಕಾದರೆ ಕೊಲೆಯ ಕಲಮು ಬೇರೆಯಾಗಿ ಸಾಬೀತಾಗಬೇಕು. 2010ರಲ್ಲಿ ಸುಪ್ರೀಂ ಕೋರ್ಟಿನ ಒಂದು ಪೀಠ ಎಲ್ಲ ವರದಕ್ಷಿಣೆ ಸಾವಿನ ಮೊಕದ್ದಮೆಗಳಲ್ಲಿಯೂ ಸಾಮಾನ್ಯವಾಗಿ ಕೊಲೆ ಆರೋಪವನ್ನು ಸೇರಿಸಿ, ಗಲ್ಲು ವಿಧಿಸಲು ಅವಕಾಶವಾಗಲಿ ಎಂದಿತು. ಪುರಾವೆ ಇಲ್ಲದೆ ಯಾಂತ್ರಿಕವಾಗಿ ಹಾಗೆ ಮಾಡಬೇಡಿ ಎಂದು 2013ರಲ್ಲಿ ಅದೇ ಕೋರ್ಟು ತಿದ್ದಬೇಕಾಯಿತು. ಈ ನಡುವೆ ದೇಶದಲ್ಲಿ ವರ್ಷಕ್ಕೆ ಆರು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ದಾಖಲಾಗುತ್ತಲೇ ಹೋದವು. 2004ರಿಂದ ಈಚೆಗೆ ಭಾರತದಲ್ಲಿ ನೇಣಿಗೇರಿದವರು ಎಂಟು ಮಂದಿ: ಮೂವರು ಭಯೋತ್ಪಾದನೆಯ ಮೊಕದ್ದಮೆಯವರು, ಐವರು ಅತ್ಯಾಚಾರ ಮತ್ತು ಕೊಲೆಯವರು. ವರದಕ್ಷಿಣೆಗಾಗಿ ಹೆಂಡತಿಯನ್ನು ಕೊಂದವನು ಆ ಪಟ್ಟಿಯಲ್ಲಿ ಒಬ್ಬನೂ ಇಲ್ಲ. ಗಲ್ಲು ಎಂಬುದು ನಮ್ಮ ಅಡುಗೆಮನೆಯ ಹತ್ತಿರಕ್ಕೂ ಬಂದಿಲ್ಲ ಎಂದ ಮೇಲೆ, ಅದು ಬೆದರಿಸಿ ತಡೆಯುತ್ತದೆ ಎನ್ನುವುದು ಯಾವ ಲೆಕ್ಕ?

ಬೆದರಿಸುವುದಂತೂ ಬೆದರಿಸುತ್ತದೆ, ಆದರೆ ಯಾರನ್ನು? ಸುಟ್ಟ ಹೆಣ್ಣುಮಗಳನ್ನು ಕುಂದಾಪುರಕ್ಕೋ ಮಣಿಪಾಲಕ್ಕೋ ಒಯ್ಯುತ್ತಾರೆ. ಮಂಚದ ಬದಿಯಲ್ಲಿ ಗಂಡ ನಿಂತಿರುತ್ತಾನೆ, ಅತ್ತೆ ಸೆರಗು ಕಚ್ಚಿ ಅಳುತ್ತಿರುತ್ತಾಳೆ, ಮಕ್ಕಳು ಮನೆಯಲ್ಲಿ. ಮರಣಕಾಲದ ಹೇಳಿಕೆ ಬರೆದುಕೊಳ್ಳಲು ಬಂದವರ ಎದುರು ಆಕೆ ಸ್ಟೋವು ಸಿಡಿಯಿತೆನ್ನುವುದು ಏತಕ್ಕೆ? ತಾನು ಹೋದ ಮೇಲೆ ಮಕ್ಕಳಿಗೆ ಅಪ್ಪನಾದರೂ ಇರಲಿ ಎಂದು. ಜೈಲು ಎಂದರೇ ಬಾಯಿ ಕಟ್ಟುವ ಜಾಗದಲ್ಲಿ ನೇಣು ಎಂದರೆ ಏನಾಗುತ್ತದೆ? ನೆರೆಯವರು ಸಾಕ್ಷಿಗೆ ಬರುತ್ತಾರೆಯೆ? "ಒಬ್ಬಳಂತೂ ಹೋದ್ಲ್, ಇನ್ನೊಂದ್ ಜೀವ ಎಂತಕ್ಕೆ" ಎನ್ನುತ್ತಾರೆ. ತವರಿನವರು ಬಂಗಾರ ವಾಪಸು ಪಡೆದು ರಾಜಿಯಾಗುತ್ತಾರೆ. ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಗಲ್ಲು ಎಂದು 1980ರಿಂದ ಕೋರ್ಟಿನ ಸೂತ್ರ. ಹೆಂಡತಿಯನ್ನು ಕೊಲ್ಲುವುದು ನಮ್ಮ ದೇಶದಲ್ಲಿ ಅಪರೂಪವಾಗಿದ್ದರಲ್ಲವೇ!

ದೆಹಲಿಯ ನಿರ್ಭಯಾ ಪ್ರಕರಣದ ಕಾವಿನಲ್ಲಿ, 2013ರ ಜನವರಿಯಲ್ಲಿ, ನ್ಯಾಯಮೂರ್ತಿ ವರ್ಮಾ ಸಮಿತಿ ಅತ್ಯಾಚಾರಕ್ಕೆ ಮರಣದಂಡನೆ ಬೇಡವೆಂದೇ ವರದಿ ಕೊಟ್ಟಿತು. ಮಹಿಳಾ ಸಂಘಟನೆಗಳಲ್ಲಿ ಹೆಚ್ಚಿನವು ಸಮಿತಿಯ ಮುಂದೆ ಹಾಗೆಯೇ ಹೇಳಿದ್ದವು. ಸರ್ಕಾರ ಅದನ್ನು ಬದಿಗಿಟ್ಟು ಕೆಲವು ಪ್ರಕರಣಗಳಿಗೆ ಗಲ್ಲನ್ನು ಸೇರಿಸಿತು. ಗಲ್ಲು ಸೇರಿಸುವುದಕ್ಕೆ ಖರ್ಚಿಲ್ಲ. ಠಾಣೆಗೆ ಮಹಿಳಾ ಪೋಲೀಸರನ್ನು ನೇಮಿಸುವುದಕ್ಕೆ, ಪ್ರಯೋಗಾಲಯಕ್ಕೆ, ಕೋರ್ಟಿಗೆ ನ್ಯಾಯಾಧೀಶರನ್ನು ತುಂಬುವುದಕ್ಕೆ ಖರ್ಚಿದೆ.

ನಮ್ಮ ಕರಾವಳಿಯದೇ ಒಂದು ಉದಾಹರಣೆ ಕೇಳಿ. ಬಂಟ್ವಾಳ ತಾಲ್ಲೂಕಿನವನಾದ, ಶಾಲಾ ಮಾಸ್ತರನಾಗಿದ್ದ ಮೋಹನ್ ಕುಮಾರ್ ಎಂಬಾತ, ಪತ್ರಿಕೆಗಳು ಸಯನೈಡ್ ಮೋಹನ ಎಂದು ಕರೆದವನು, 2003ರಿಂದ 2009ರ ನಡುವೆ ಇಪ್ಪತ್ತು ಹೆಣ್ಣುಮಕ್ಕಳನ್ನು ಕೊಂದ ಆರೋಪ ಹೊತ್ತ. ವರದಕ್ಷಿಣೆ ಕೊಡಲಾಗದೆ ಮದುವೆ ತಡವಾದ ಬಡವರ ಮನೆಯ ಹುಡುಗಿಯರನ್ನು ಹುಡುಕಿ, ವರದಕ್ಷಿಣೆಯೇ ಬೇಡವೆಂದು ಹೇಳಿ, ಬೇರೆ ಊರಿಗೆ ಕರೆದೊಯ್ಯುತ್ತಿದ್ದ. ಬಸ್ ನಿಲ್ದಾಣದ ಶೌಚಾಲಯಕ್ಕೆ ಹೋಗಿ ಗರ್ಭ ತಡೆಯುವ ಮಾತ್ರೆ ನುಂಗೆಂದು ಸಯನೈಡ್ ಕೊಡುತ್ತಿದ್ದ, ಬಂಗಾರ ತೆಗೆದುಕೊಂಡು ಹೋಗುತ್ತಿದ್ದ. ಮಡಿಕೇರಿ, ಮೈಸೂರು, ಹಾಸನ, ಹೀಗೆ ಬೇರೆ ಬೇರೆ ಊರಿನ ಬಸ್ ನಿಲ್ದಾಣಗಳಲ್ಲಿ ಮದುವಣಗಿತ್ತಿಯಂತೆ ಉಟ್ಟ ಹೆಣಗಳು ಸಿಕ್ಕಿದವು. ಗುರುತಿಲ್ಲದ ಹೆಣ, ಅಸಹಜ ಸಾವು, ಕಡತ ಮುಚ್ಚಿತು. ಇತ್ತ ಊರಿನಲ್ಲಿ "ಓಡಿಹೋದಳು" ಎಂದು ಮನೆಯವರೂ ನಾಚಿಕೆಯಿಂದ ಸುಮ್ಮನಾದರು. 2009ರಲ್ಲಿ ಕಾಣೆಯಾದ ಒಬ್ಬ ಹುಡುಗಿಗಾಗಿ ಜನ ಠಾಣೆಯೆದುರು ಗಲಾಟೆ ಮಾಡಿದ ಮೇಲೆ ತನಿಖೆ ಬಿಗಿಯಾಗಿ ಅವನು ಸಿಕ್ಕಿಬಿದ್ದ.

2013ರಲ್ಲಿ ಮಂಗಳೂರಿನ ಕೋರ್ಟು ಅವನಿಗೆ ಗಲ್ಲು ವಿಧಿಸಿದಾಗ ಪೇಟೆಯಲ್ಲಿ ಮತ್ತದೇ ಸಂತೋಷ. 2017ರಲ್ಲಿ ಹೈಕೋರ್ಟು ಒಂದು ಪ್ರಕರಣದ ಗಲ್ಲನ್ನು ಸಾಯುವವರೆಗಿನ ಜೈಲಾಗಿ ಬದಲಿಸಿತು, ಆಗ ಮತ್ತದೇ ಸಿಟ್ಟು. ಅವನು ಸತ್ತರೇನು ಬಿಟ್ಟರೇನು, ನನ್ನ ಪ್ರಶ್ನೆ ಅದಲ್ಲ. ಅವನು ಕೊಲ್ಲುತ್ತಿದ್ದ ಆ ಆರು ವರ್ಷವೂ ಈ ದೇಶದ ಕಾನೂನಿನಲ್ಲಿ ಕೊಲೆಗೆ ಗಲ್ಲು ಇತ್ತು. ಇಲ್ಲದಿದ್ದದ್ದು, ಒಂದು ಊರಿನ ಹೆಣಕ್ಕೂ ಇನ್ನೊಂದು ಊರಿನ ಕಾಣೆಯಾದ ದೂರಿಗೂ ತಾಳೆ ನೋಡುವ ಒಬ್ಬ ಅಧಿಕಾರಿ. ಎರಡನೆಯ ಹೆಣ ಸಿಕ್ಕಿದಾಗಲೇ ಅಂಥ ಒಬ್ಬರಿದ್ದಿದ್ದರೆ ಹದಿನೆಂಟು ಹುಡುಗಿಯರು ಬದುಕುತ್ತಿದ್ದರು.

ನನ್ನ ವಾದಕ್ಕೆ ಕಷ್ಟ ಕೊಡುವ ಪ್ರಕರಣವನ್ನೂ ಮುಚ್ಚಿಡಬಾರದು. ಆಗಿನ ಗುಲ್ಬರ್ಗ ಜಿಲ್ಲೆಯಲ್ಲಿ ಮೊದಲ ಹೆಂಡತಿಯನ್ನು ಕೊಂದು ಜೀವಾವಧಿ ಶಿಕ್ಷೆಯಾಗಿದ್ದ ಒಬ್ಬಾತ 1994ರಲ್ಲಿ ಪೆರೋಲಿನ ಮೇಲೆ ಮನೆಗೆ ಬಂದು ಎರಡನೆಯ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕೊಂದ. 2005ರಲ್ಲಿ ಸುಪ್ರೀಂ ಕೋರ್ಟು ಅವನ ಗಲ್ಲನ್ನು ಕಾಯಂ ಮಾಡಿತು, 2013ರಲ್ಲಿ ರಾಷ್ಟ್ರಪತಿಗಳು ಕ್ಷಮಾದಾನ ತಿರಸ್ಕರಿಸಿದರು, ಕಡೆಗೆ ವಿಳಂಬದ ಮತ್ತು ಏಕಾಂತ ಸೆರೆಯ ಕಾರಣಕ್ಕೆ ಹೈಕೋರ್ಟು ಜೀವಾವಧಿಗೆ ಇಳಿಸಿತು. ಮೊದಲ ಕೊಲೆಗೇ ನೇಣಾಗಿದ್ದರೆ ಎರಡು ಜೀವ ಉಳಿಯುತ್ತಿತ್ತಲ್ಲ ಎನ್ನುವಿರಿ. ಹೌದು, ಉಳಿಯುತ್ತಿತ್ತು. ಇದಕ್ಕೆ ನನ್ನ ಬಳಿ ಜಾಣ ಉತ್ತರವಿಲ್ಲ. ಆದರೆ ಅವನನ್ನು ಜೈಲಿನಲ್ಲೇ ಇಟ್ಟಿದ್ದರೂ ಉಳಿಯುತ್ತಿತ್ತು. ಹೆಂಡತಿಯನ್ನು ಕೊಂದವನನ್ನು ಇನ್ನೊಬ್ಬ ಹೆಂಡತಿಯಿದ್ದ ಮನೆಗೆ ಕಳುಹಿಸುವ ಮೊದಲು ಆ ಹೆಂಗಸನ್ನು ಯಾರಾದರೂ ಕರೆದು ಕೇಳಿದರೆ? ನಿನಗೆ ಭಯವಿದೆಯೇ, ತವರಿನಲ್ಲಿ ಜಾಗವಿದೆಯೇ ಎಂದು? ನಾವು ಕೇಳಬೇಕಾದದ್ದು ಆ ಪ್ರಶ್ನೆಯನ್ನು ಕೇಳುವ ನಿಯಮವನ್ನು.

ರಾಜಕೀಯ ಕೊಲೆಗೂ ಗಲ್ಲು ಉತ್ತರವಾದದ್ದಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1975ರ ಡಿಸೆಂಬರ್ 1ರಂದು, ಭೂಮಯ್ಯ ಮತ್ತು ಕಿಷ್ಟ ಗೌಡ್ ಎಂಬ ತೆಲಂಗಾಣದ ಇಬ್ಬರು ನಕ್ಸಲೀಯ ರೈತರನ್ನು ಹೈದರಾಬಾದಿನ ಜೈಲಿನಲ್ಲಿ ನೇಣು ಹಾಕಿದರು. ಅಲ್ಲಿಗೆ ನಕ್ಸಲ್ ಚಳವಳಿ ಮುಗಿಯಲಿಲ್ಲ, ಅವರ ಹೆಸರಿನಲ್ಲಿ ಇನ್ನಷ್ಟು ಹುಡುಗರು ಕಾಡಿಗೆ ಹೋದರು. ನಮ್ಮ ರಾಜ್ಯದಲ್ಲಿ ಕಾಡಿನವರನ್ನು ಹೊರಗೆ ತಂದದ್ದು ಮಾತು. ಗೌರಿ ಲಂಕೇಶ್ ಮೊದಲಾದವರು ಎರಡೂ ಕಡೆಯಿಂದ ಬೈಸಿಕೊಂಡು ಆ ಕೆಲಸ ಹಿಡಿದರು. 2014ರ ಡಿಸೆಂಬರಿನಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಹೊರಬಂದರು. ಹಾಗೆ ಬಂದೂಕು ಕೆಳಗಿಡಿ ಎಂದು ಹೇಳುತ್ತಿದ್ದ ಗೌರಿಯನ್ನು 2017ರ ಸೆಪ್ಟೆಂಬರ್ 5ರಂದು ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಕೊಂದವರು ಕಾಡಿನವರಲ್ಲ, ಇನ್ನೊಂದು ಬಗೆಯ ತೀವ್ರಗಾಮಿಗಳು ಎಂಬುದು ತನಿಖೆಯ ನಿಲುವು. ಆಕೆಯ ಮೊಕದ್ದಮೆ ವರ್ಷಗಟ್ಟಲೆ ಎಳೆಯಿತು. ಅದನ್ನು ಓದುವಾಗ ನನಗೆ ನಮ್ಮ ಸೊಸೆಯಂದಿರ ಮೊಕದ್ದಮೆಗಳೇ ಕಣ್ಣಮುಂದೆ ಬರುತ್ತವೆ.

2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಆರು ಮಂದಿ ಶರಣಾದರು. ಅವರಲ್ಲಿ ನಾಲ್ವರು ಹೆಂಗಸರು: ಮುಂಡಗಾರು ಲತಾ, ಸುಂದರಿ, ವನಜಾಕ್ಷಿ, ಕೇರಳದ ಜಿಷಾ. ಫೆಬ್ರವರಿ 2ರಂದು ಉಡುಪಿಯಲ್ಲಿ ಜಿಲ್ಲಾಧಿಕಾರಿಗಳ ಎದುರು ಬಂದವಳು ತೊಂಬಟ್ಟು ಲಕ್ಷ್ಮಿ. ತೊಂಬಟ್ಟು ಎಂದರೆ ಬೇರೆ ಯಾವ ದೇಶವೂ ಅಲ್ಲ, ನಮ್ಮ ಅಮಾಸೆಬೈಲಿನ ಆಚೆ. ಆಕೆಯ ಮೇಲಿದ್ದ ಮೊಕದ್ದಮೆಗಳೂ ಸುಮಾರು ಹದಿನೇಳು ವರ್ಷ ಹಳೆಯ, ಈ ಸೀಮೆಯದೇ ಮೊಕದ್ದಮೆಗಳು. ಆಕೆ ಏಕೆ ಹೋದಳು, ಹೋದಲ್ಲಿ ಏನು ಕಂಡಳು ಎಂಬುದನ್ನು ಆಕೆಯೇ ಹೇಳಬೇಕು, ಕೋರ್ಟಿನಲ್ಲಿ ಹೇಳಬೇಕಾದದ್ದನ್ನು ಅಲ್ಲಿ ಹೇಳಬೇಕು. ಪೀತಬೈಲಿನ ಹಾಗೆ ಆಗಿದ್ದರೆ ಆಕೆಯ ಹೇಳಿಕೆಯೂ ಗುಂಡಿನ ಚಕಮಕಿಯಲ್ಲೇ ಮುಗಿಯುತ್ತಿತ್ತು.

ಶರಣಾದವರಿಗೆ ಸರ್ಕಾರ ಕೊಡುವ ಲಕ್ಷಗಟ್ಟಲೆ ಪರಿಹಾರದ ಬಗ್ಗೆ ಊರಿನಲ್ಲಿ ಅಸಮಾಧಾನವಿದೆ. ಕೊಂದವರ ಜೊತೆಗಿದ್ದವರಿಗೆ ಹಣ, ಸತ್ತವರ ಮನೆಯವರಿಗೆ ಏನು ಎಂದು ಕೇಳುತ್ತಾರೆ. ಇದು ಸರಿಯಾದ ಪ್ರಶ್ನೆ, ಇದನ್ನು ಯಾವ ಪಕ್ಷದ ಪ್ರಶ್ನೆಯೆಂದೂ ತಳ್ಳಿಹಾಕಬಾರದು. ನಕ್ಸಲರು ಕೊಂದವರ ವಿಧವೆ, ಗುಂಡಿಗೆ ಸತ್ತ ಪೋಲೀಸನ ವಿಧವೆ, ಪೋಲೀಸರ ಗುಂಡಿಗೆ ಮಗನನ್ನು ಕಳೆದುಕೊಂಡ ಮಲೆಕುಡಿಯರ ತಾಯಿ, ಈ ಮೂವರಿಗೂ ಪಿಂಚಣಿ, ಜಾಗದ ಹಕ್ಕುಪತ್ರ, ಮಕ್ಕಳ ಓದು ಒಂದೇ ಬಗೆಯಲ್ಲಿ ಬೇಕು. ಮೂವರೂ ಯಾವುದೋ ಸಂಘದಲ್ಲಿ ವಾರಕ್ಕಿಷ್ಟು ಉಳಿತಾಯ ಕಟ್ಟಿಯೇ ಬದುಕಬೇಕಾದವರು.

ನಮ್ಮ ಸಂಘಗಳ ಒಕ್ಕೂಟದಿಂದ ವರದಕ್ಷಿಣೆ ಸಾವುಗಳ ಬಗ್ಗೆ ಕುಂದಾಪುರದ ಸಹಾಯಕ ಕಮಿಷನರಿಗೆ ಒಂದು ಮನವಿ ಬರೆಯುತ್ತಿದ್ದೇವೆ. ಮೊದಲ ಕರಡಿನಲ್ಲಿ "ಅಪರಾಧಿಗಳಿಗೆ ಮರಣದಂಡನೆ ಆಗಲಿ" ಎಂಬ ಸಾಲಿತ್ತು. ಅದರ ಬದಲಿಗೆ, ಏಳು ವರ್ಷದೊಳಗಿನ ಪ್ರತಿ ಸಾವಿನಲ್ಲೂ ತಹಶೀಲ್ದಾರರು ಸ್ವತಃ ಬರಲಿ, ತವರಿನವರು ಬರುವವರೆಗೆ ಹೆಣ ಸುಡದಿರಲಿ, ಮರಣಕಾಲದ ಹೇಳಿಕೆ ಬರೆಯುವಾಗ ಗಂಡನ ಮನೆಯವರನ್ನು ವಾರ್ಡಿನಿಂದ ಹೊರಗೆ ಕಳುಹಿಸಲಿ, ಹೆಂಡತಿಯನ್ನು ಕೊಂದ ಕೈದಿಗೆ ಪೆರೋಲು ಕೊಡುವ ಮೊದಲು ಆ ಮನೆಯ ಹೆಂಗಸರನ್ನೂ ಸತ್ತವಳ ತವರಿನವರನ್ನೂ ಕೇಳಲಿ ಎಂದು ಬರೆಯೋಣವೆಂದೆ. ಹಲವರು ಒಪ್ಪಿದರು. ಮಗಳನ್ನು ಕಳೆದುಕೊಂಡ ಆ ತಾಯಿ ಮಾತ್ರ ಒಪ್ಪಲಿಲ್ಲ. "ನೀವ್ ಬರ್ಕಣಿ, ನಾ ಸೈನ್ ಹಾಕ್ತೆ. ಆದ್ರೆ ಅವ ಸಾಯ್ಕ್ ಅಂತಳಿ ನನ್ ಮನ್ಸಲ್ಲ್ ಇಪ್ಪುದನ್ನ ನೀವ್ ಅಳಿಸ್ಬೇಡಿ" ಎಂದರು. ಅಳಿಸುವುದಿಲ್ಲ ಎಂದು ಹೇಳಿದ್ದೇನೆ. ಮನವಿಗೆ ಸಹಿ ಹಾಕಿದವರಲ್ಲಿ ಅವರ ಹೆಸರೇ ಮೊದಲಿನದು.